ಮಕ್ಕಳ ತೊಡೆ ಮೂಳೆ ಮುರಿದಾಗ
(ಮಹಿಳಾ ವೇದಿಕೆಯ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ. ಎಂ.ಟೆಕ್. ಓದಿ ಇಲ್ಲೇ ಹೈದರಾಬಾದಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವಳು. ನಮ್ಮ ವೇದಿಕೆಯಲ್ಲಿ ಆರೋಗ್ಯದ ಕಾರ್ಯಕ್ರಮ ಎಂದರೆ ಬಿಪಿ, ಶುಗರ್, ಥೈರಾಯ್ಡ್, ಮಂಡಿನೋವು. ಈ ಸಲ ಮಕ್ಕಳ ಬಗ್ಗೆ ಯಾರಾದರೂ ಮಾತಾಡಿ ಎಂದು ಕಾರ್ಯದರ್ಶಿಗಳು ವಾಟ್ಸಾಪ್ ಗುಂಪಿನಲ್ಲಿ ಹಾಕಿದಾಗ ನಾನೇ ಕೈ ಎತ್ತಿದೆ. ನಮ್ಮ ಮನೆಯಲ್ಲಿ ಒಂದು ಮಗುವಿನ ತೊಡೆ ಮೂಳೆ ಮುರಿದು, ಆರು ವಾರ ಅದರ ಜೊತೆ ಬದುಕಿದ್ದೇವೆ. ಆ ಆರು ವಾರದಲ್ಲಿ ಓದಿದ್ದು, ಕೇಳಿದ್ದು ಬಹಳ. ಇವತ್ತಿನ ಟಿಪ್ಪಣಿಯನ್ನು ಪರಿಚಯದ ಮಕ್ಕಳ ಮೂಳೆ ವೈದ್ಯರೊಬ್ಬರು ಓದಿ ತಿದ್ದಿಕೊಟ್ಟಿದ್ದಾರೆ. ಹಾಗಾಗಿ ಧೈರ್ಯ ಮಾಡಿದ್ದೇನೆ.

ತೊಡೆ ಮೂಳೆ, ಡಾಕ್ಟರುಗಳು ಫೀಮರ್ ಎನ್ನುತ್ತಾರಲ್ಲ, ಅದು ನಮ್ಮ ಮೈಯಲ್ಲಿ ಎಲ್ಲಕ್ಕಿಂತ ಉದ್ದವಾದ, ಎಲ್ಲಕ್ಕಿಂತ ಗಟ್ಟಿಯಾದ ಮೂಳೆ. ದೊಡ್ಡವರಲ್ಲಿ ಅದು ಮುರಿಯಬೇಕೆಂದರೆ ಲಾರಿ ಗುದ್ದಬೇಕು, ಇಲ್ಲವೇ ಮಹಡಿಯಿಂದ ಬೀಳಬೇಕು, ಇಲ್ಲವೇ ವಯಸ್ಸಾಗಿ ಮೂಳೆ ಸವೆದಿರಬೇಕು. ಮಕ್ಕಳ ಮೂಳೆ ಬೇರೆ ಥರ. ಅದರಲ್ಲಿ ಸಣ್ಣ ರಂಧ್ರಗಳು ಹೆಚ್ಚು, ಸ್ವಲ್ಪ ಬಾಗುತ್ತದೆ, ಮೇಲೆ ದಪ್ಪನೆಯ ಒಂದು ಪೊರೆ ಇರುತ್ತದೆ. ನುಗ್ಗೇಕಾಯಿ ಮುರಿದಾಗ ಒಳಗೆ ತುಂಡಾದರೂ ಸಿಪ್ಪೆ ಹಿಡಿದುಕೊಂಡಿರುತ್ತದಲ್ಲ, ಹಾಗೆ ಎಷ್ಟೋ ಸಲ ಆ ಪೊರೆ ತುಂಡುಗಳನ್ನು ಹಿಡಿದುಕೊಂಡಿರುತ್ತದೆ. ಆ ಪೊರೆಯಲ್ಲಿ ರಕ್ತ ಚೆನ್ನಾಗಿ ಹರಿಯುವುದರಿಂದ ಮುರಿದ ಮೂಳೆ ಬೇಗ ಕೂಡುತ್ತದೆ. ಹುಟ್ಟಿದ ಕೂಸಿಗೆ ಎರಡು ಮೂರು ವಾರ ಸಾಕು. ಮೂರು ನಾಲ್ಕು ವರ್ಷದ ಮಗುವಿಗೆ ಸುಮಾರು ಆರು ವಾರ. ದೊಡ್ಡವರಿಗೆ ತಿಂಗಳುಗಳೇ ಬೇಕು.

ಮುರಿಯುವುದು ಹೇಗೆ ಎನ್ನುವುದಕ್ಕೆ ಒಂದೇ ಉತ್ತರ ಇಲ್ಲ. ಮಗುವಿನ ವಯಸ್ಸು ಹೇಳಿ, ಕಾರಣ ಊಹಿಸುತ್ತೇನೆ ಎನ್ನುವಷ್ಟು ಅದು ವಯಸ್ಸಿನ ಮೇಲೆ ನಿಂತಿದೆ. ಹೆರಿಗೆಯ ಹೊತ್ತಿನಲ್ಲೇ ಅಪರೂಪಕ್ಕೆ ಮುರಿಯಬಹುದು, ಅದರಲ್ಲೂ ಕೂಸು ಕಾಲು ಮುಂದಾಗಿ ಬರುವಾಗ. ಸಿಸೇರಿಯನ್ ಆದರೂ ಆಗಿದ್ದುಂಟು. ನಡೆಯಲು ಕಲಿತ ಮೇಲೆ ಎಡವಿ, ಜಾರಿ, ಮಂಚ ಸೋಫಾದಿಂದ ಬಿದ್ದು ಆಗುತ್ತದೆ. ಐದಾರು ವರ್ಷದಿಂದ ಆಟದ ಮೈದಾನ, ಮರ, ಮಾಳಿಗೆ. ಆಮೇಲೆ ರಸ್ತೆ. ಹದಿಹರೆಯದಲ್ಲಿ ಹೆಚ್ಚಾಗಿ ಬೈಕು. ಇನ್ನು ನಡೆಯಲು, ಅಂಬೆಗಾಲಿಡಲು ಕೂಡ ಬಾರದ ಕೂಸಿನ ತೊಡೆ ಮೂಳೆ ಮುರಿದಿದ್ದರೆ? ಅದು ಬೇರೆಯೇ ವಿಷಯ, ಸ್ವಲ್ಪ ಹೊತ್ತಿನಲ್ಲಿ ಅಲ್ಲಿಗೆ ಬರುತ್ತೇನೆ. ನಾನು ಇವತ್ತು ಮಾತಾಡಲು ಒಪ್ಪಿದ್ದೇ ಆ ವಿಷಯಕ್ಕಾಗಿ.

ನಮ್ಮ ಮಗನಿಗೆ ಆಗ ಎರಡು ವರ್ಷ ಒಂಬತ್ತು ತಿಂಗಳು. ನಾನು ಆಫೀಸಿನಲ್ಲಿದ್ದೆ, ನಮ್ಮೆಜಮಾನರು ಬೆಂಗಳೂರಿಗೆ ಹೋಗಿದ್ದರು, ಮನೆಯಲ್ಲಿ ನಮ್ಮ ಅತ್ತೆಯವರು. ಅವರು ಕಲಬುರಗಿಯವರು. ಇಲ್ಲೇ ಮೂರನೇ ಸಾಲಿನಲ್ಲಿ ಕೂತಿದ್ದಾರೆ, ಅವರನ್ನು ಕೇಳಿಯೇ ಇದನ್ನು ಹೇಳುತ್ತಿದ್ದೇನೆ. “ಹೇಳವಾ, ನಾಲ್ಕು ಮಂದಿಗಿ ತಿಳೀಲಿ” ಅಂದರು.

ಫೋನ್ ಬಂದಾಗ ಮಧ್ಯಾಹ್ನ ಎರಡೂವರೆ. ಪಕ್ಕದ ಫ್ಲಾಟಿನವರು ಕಾರು ತೆಗೆದಿದ್ದರು. ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಎಕ್ಸ್‌ರೇ ಆಯಿತು. ಬಲ ತೊಡೆಯ ಮೂಳೆ ನಟ್ಟನಡುವೆ ಓರೆಯಾಗಿ, ಬಳ್ಳಿ ಸುತ್ತಿದ ಹಾಗೆ ಸೀಳಿತ್ತು. ಡಾಕ್ಟರು ಅತ್ತೆಯವರನ್ನು ಕೇಳಿದರು, ಹೇಗೆ ಬಿದ್ದ? ಅವರು, ಮಂಚದ ಮೇಲಿಂದ ಬಿದ್ದ ಅಂದರು. ಎಷ್ಟು ಎತ್ತರ, ಯಾವ ಕಡೆ ಬಿದ್ದ, ಬಿದ್ದಾಗ ಕಾಲು ಹೇಗಿತ್ತು, ಕೂಡಲೇ ಅತ್ತನಾ? ಒಂದೊಂದು ಪ್ರಶ್ನೆಗೂ ಅತ್ತೆಯವರ ದನಿ ಸಣ್ಣದಾಗುತ್ತಾ ಹೋಯಿತು. ಅಷ್ಟರಲ್ಲಿ ನಮ್ಮ ಕಡೆಯ ಬಂಧುಗಳು ಒಬ್ಬೊಬ್ಬರಾಗಿ ಬಂದರು. ಬಂದವರೆಲ್ಲರ ಬಾಯಲ್ಲೂ ಒಂದೇ ಮಾತು, “ಯಾರು ನೋಡ್ಕೊಳ್ತಾ ಇದ್ರು?” ಇನ್ನೊಬ್ಬರು ನನ್ನ ಕಡೆ ತಿರುಗಿ, “ನೀನು ಆಫೀಸಿಗೆ ಹೋಗಿದ್ದೆಯಾ?” ಅಂದರು. ಮಂಗಳವಾರ ಮಧ್ಯಾಹ್ನ ನಾನು ಇನ್ನೆಲ್ಲಿಗೆ ಹೋಗಿರಬೇಕಿತ್ತೋ ಗೊತ್ತಿಲ್ಲ. ಊರಿನಲ್ಲಿದ್ದ ಅಪ್ಪನನ್ನು ಮಾತ್ರ ಯಾರೂ ಕೇಳಲಿಲ್ಲ.

ಡಾಕ್ಟರು ಎಲ್ಲರನ್ನೂ ಹೊರಗೆ ಕಳಿಸಿದರು. ನಾನೂ ಅತ್ತೆಯವರೂ ಮಾತ್ರ ಉಳಿದೆವು. ಕುರ್ಚಿ ಎಳೆದುಕೊಂಡು ಕೂತು ನಿಧಾನವಾಗಿ ತೆಲುಗಿನಲ್ಲಿ ಹೇಳಿದರು: “ಅಮ್ಮಾ, ನಿಮ್ಮನ್ನು ಬೈಯಲು ಕೇಳುತ್ತಿಲ್ಲ. ಮಂಚದಿಂದ ಬಿದ್ದರೂ ಮುರಿಯುತ್ತದೆ. ಆದರೆ ಈ ಮೂಳೆ ತಿರುಚಿಕೊಂಡು ಮುರಿದಿದೆ. ಎಲ್ಲಿ ತಿರುಚಿತು ಅಂತ ಗೊತ್ತಾದರೆ ಬೇರೆ ಯಾವ ಪರೀಕ್ಷೆ ಬೇಕು, ಯಾವುದು ಬೇಡ ಅಂತ ನನಗೆ ತಿಳಿಯುತ್ತದೆ.” ಆಗ ಅತ್ತೆಯವರು ಅತ್ತರು. ಅಡುಗೆಮನೆಯ ಬಾಗಿಲ ಹತ್ತಿರ ಬಿಂದಿಗೆಯಿಂದ ನೀರು ಚೆಲ್ಲಿತ್ತು, ಒರೆಸಲು ಬಟ್ಟೆ ತರಲು ಹೋಗಿದ್ದರು. ಅಷ್ಟರಲ್ಲಿ ಇವನು ಹಾಲಿನಿಂದ ಓಡಿ ಬಂದ, ಪಾದ ಕಾಲೊರಸಿನಲ್ಲಿ ಸಿಕ್ಕಿಕೊಂಡಿತು, ಮೈ ಒಂದು ಕಡೆ ತಿರುಗಿತು, ಕಾಲು ಕೆಳಗೆ ಮಡಚಿಕೊಂಡಿತು. ಅಷ್ಟೇ. ನೀರು ಚೆಲ್ಲಿದ್ದು ತಾನು ಎಂದು ಹೇಳಲು ಅವರಿಗೆ ಭಯ.

ಡಾಕ್ಟರು ತಲೆಯಾಡಿಸಿದರು. ಈಗ ಸರಿಹೋಯಿತು ಅಂದರು. ಓಡುವ ಮಗುವಿನ ಪಾದ ನೆಲಕ್ಕೆ ಕಚ್ಚಿಕೊಂಡು ಮೈ ತಿರುಗಿದರೆ ಈ ವಯಸ್ಸಿನಲ್ಲಿ ತೊಡೆ ಮೂಳೆ ಮುರಿಯಲು ಅಷ್ಟೇ ಸಾಕು, ದೊಡ್ಡ ಪೆಟ್ಟು ಬೇಕಾಗಿಲ್ಲ ಎಂದು ಬಿಡಿಸಿ ಹೇಳಿದರು. ಅತ್ತೆಯವರಿಗೆ ನೀರು ಕುಡಿಸಿದರು.

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ರಾತ್ರಿ ಸಿಸ್ಟಂ ನಿಂತುಹೋದರೆ ಬೆಳಿಗ್ಗೆ ಆರ್‌ಸಿಎ ಎಂಬ ಒಂದು ಸಭೆ ಇರುತ್ತದೆ. ಏನಾಯಿತು, ಯಾವಾಗ ಆಯಿತು, ಯಾಕೆ ಆಯಿತು ಎಂದು ಬರೆಯುವುದು. ಒಳ್ಳೆಯ ತಂಡಗಳಲ್ಲಿ ಒಂದು ನಿಯಮ ಉಂಟು, ಆ ಕಾಗದದಲ್ಲಿ ಯಾರ ಹೆಸರೂ ಬರೆಯುವಂತಿಲ್ಲ. ಒಂದು ಸಲ ಹೆಸರು ಬರೆದರೆ ಮುಂದಿನ ಸಲ ಯಾರೂ ನಿಜ ಹೇಳುವುದಿಲ್ಲ, ನಿಜ ಗೊತ್ತಾಗದಿದ್ದರೆ ಅದೇ ತೊಂದರೆ ಮತ್ತೆ ಬರುತ್ತದೆ. ಕಂಪ್ಯೂಟರಿಗೆ ಕೊಡುವ ಈ ಮರ್ಯಾದೆಯನ್ನು ಮನೆಯ ಅಜ್ಜಿಗೆ, ಸೊಸೆಗೆ, ಕೆಲಸದ ಹುಡುಗಿಗೆ ನಾವು ಕೊಡುವುದಿಲ್ಲ. “ಹೇಗೆ ಆಯಿತು” ಎಂದು ಕೇಳುವ ಮೊದಲೇ “ಯಾರು ನೋಡಿಕೊಳ್ಳುತ್ತಿದ್ದರು” ಎಂದು ಕೇಳುತ್ತೇವೆ. ಆಮೇಲೆ ನಮಗೆ ಸಿಗುವುದು ಮಂಚದ ಕಥೆ.

ಡಾಕ್ಟರು ಯಾಕೆ ಅಷ್ಟು ಕೆದಕಿ ಕೇಳಿದರು? ಈಗ ನಾನು ಆಗಲೇ ಬಿಟ್ಟುಬಂದ ವಿಷಯ. ಮೂರು ವರ್ಷ ತುಂಬದ ಮಗುವಿನ ತೊಡೆ ಮೂಳೆಯ ನಡುಭಾಗ ಮುರಿದಿದ್ದರೆ, ಯಾರಾದರೂ ಮಗುವಿಗೆ ಹಿಂಸೆ ಕೊಟ್ಟಿರಬಹುದೇ ಎಂಬುದನ್ನೂ ಯೋಚಿಸಿ ನೋಡಬೇಕು ಎಂದು ಅಮೆರಿಕದ ಮೂಳೆ ಶಸ್ತ್ರಚಿಕಿತ್ಸಕರ ಅಕಾಡೆಮಿ ತನ್ನ ಮಾರ್ಗಸೂಚಿಯಲ್ಲೇ ಬರೆದಿದೆ. ಇನ್ನೂ ನಡೆಯದ ಕೂಸಾದರೆ ಸಂಶಯ ಇನ್ನೂ ಹೆಚ್ಚು. ಮಗುಚಲು ಬಾರದ ಕೂಸು ತಾನಾಗಿ ಎಲ್ಲಿಗೆ ಹೋಗಿ ಬೀಳುತ್ತದೆ? ಇದು ಹೊಸ ಯೋಚನೆ ಏನಲ್ಲ. 1946ರಲ್ಲಿ ಜಾನ್ ಕ್ಯಾಫಿ ಎಂಬ ಅಮೆರಿಕದ ವೈದ್ಯರು, ಮಿದುಳಿನ ಸುತ್ತ ರಕ್ತಸ್ರಾವವಾಗಿದ್ದ ಆರು ಶಿಶುಗಳ ಕೈಕಾಲಿನ ಉದ್ದ ಮೂಳೆಗಳಲ್ಲಿ ಮುರಿತಗಳನ್ನು ಕಂಡು ಬರೆದರು. 1962ರಲ್ಲಿ ಹೆನ್ರಿ ಕೆಂಪೆ ಮತ್ತು ಜೊತೆಯವರು, ಮನೆಯವರ ಕೈಯಲ್ಲೇ ಪೆಟ್ಟು ತಿಂದ ಮಕ್ಕಳ ಬಗ್ಗೆ ಬರೆದ ಮೇಲೆ ಲೋಕ ಅದನ್ನು ಒಪ್ಪಿಕೊಂಡಿತು. ಅದಕ್ಕೆ ಮುಂಚೆ ವೈದ್ಯರಿಗೂ ಅಪ್ಪ ಅಮ್ಮ ಹೇಳಿದ್ದನ್ನು ಪ್ರಶ್ನಿಸಲು ಮನಸ್ಸು ಬರುತ್ತಿರಲಿಲ್ಲ.

ತಿರುಚಿಕೊಂಡು ಮುರಿದಿದ್ದರೆ ಹಿಂಸೆಯೇ ಎಂದು ಒಂದು ಕಾಲದಲ್ಲಿ ನಂಬುತ್ತಿದ್ದರು. ಈಗ ಹಾಗಿಲ್ಲ. ಮುರಿತದ ಆಕಾರ ಒಂದರಿಂದಲೇ ಯಾರೂ ತೀರ್ಪು ಕೊಡುವಂತಿಲ್ಲ. ನೋಡುವುದು ಬೇರೆಯದನ್ನು: ಹೇಳಿದ ಕಥೆಗೂ ಗಾಯಕ್ಕೂ ತಾಳೆ ಆಗುತ್ತದೆಯೇ, ಕಥೆ ಗಳಿಗೆಗೊಮ್ಮೆ ಬದಲಾಗುತ್ತಿದೆಯೇ, ಆಸ್ಪತ್ರೆಗೆ ತರಲು ಯಾಕೆ ತಡವಾಯಿತು, ಮೈಮೇಲೆ ಬೇರೆ ಕಂದುಗಟ್ಟಿದ ಗುರುತು ಇವೆಯೇ, ಎಕ್ಸ್‌ರೇಯಲ್ಲಿ ಹಳೆಯ ಮುರಿತ ಕೂಡಿದ ಗುರುತು ಇದೆಯೇ. ಈಗ ನಮ್ಮ ಅತ್ತೆಯವರ ಮಂಚದ ಕಥೆಯನ್ನು ಈ ಪಟ್ಟಿಯ ಎದುರು ಇಟ್ಟು ನೋಡಿ. ಪ್ರಾಣಕ್ಕಿಂತ ಹೆಚ್ಚಾಗಿ ಮೊಮ್ಮಗನನ್ನು ನೋಡಿಕೊಳ್ಳುವ ಅಜ್ಜಿ, ಬಂಧುಗಳ ಬಾಯಿಗೆ ಹೆದರಿ ಹೇಳಿದ ಒಂದು ಮಾತಿನಿಂದ ಸಂಶಯದ ಸಾಲಿಗೆ ಸೇರಿಬಿಡುತ್ತಿದ್ದರು.

ಆಸ್ಪತ್ರೆಯವರು ಎಂಎಲ್‌ಸಿ ಎಂದು ಬರೆದುಕೊಂಡರೆ ಗಾಬರಿಯಾಗಬೇಡಿ. ಅಪಘಾತದ ಗಾಯಗಳಲ್ಲಿ ಅದು ರೂಢಿ. ಇನ್ಶೂರೆನ್ಸ್‌ನವರೂ ಎಷ್ಟೋ ಸಲ ಅದನ್ನೇ ಕೇಳುತ್ತಾರೆ.

ಆದರೆ ಹಿಂಸೆ ನಿಜವಾಗಿಯೂ ನಡೆಯುವ ಮನೆಗಳಿವೆ. ನಮ್ಮಂಥವರಲ್ಲಿ ಅದೆಲ್ಲ ಇಲ್ಲ ಎನ್ನುವ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ. ಗಂಡ ಹೆಂಡತಿಯ ಕೈಯಿಂದ ಮಗುವನ್ನು ಕಿತ್ತುಕೊಳ್ಳುವಾಗ, ಅಳು ನಿಲ್ಲಿಸದ ಕೂಸನ್ನು ಯಾರೋ ಸಿಟ್ಟಿನಲ್ಲಿ ಕಾಲು ಹಿಡಿದು ಎಳೆದಾಗ, ಬಾಣಂತನದ ಖಿನ್ನತೆಯಲ್ಲಿ ನಿದ್ದೆಯಿಲ್ಲದ ತಾಯಿಗೆ ಕೈಮೀರಿದಾಗ. ಇಂಥ ಮನೆಯಲ್ಲಿ ಡಾಕ್ಟರ ಆ ಒಂದು ಪ್ರಶ್ನೆ ಮಗುವಿನ ಜೀವ ಉಳಿಸುತ್ತದೆ, ಯಾಕೆಂದರೆ ಮೊದಲ ಮುರಿತದೊಂದಿಗೆ ಅದು ನಿಲ್ಲುವುದಿಲ್ಲ. ಮಕ್ಕಳ ಸಹಾಯವಾಣಿ 1098, ಮಹಿಳೆಯರದು 181. ಎರಡೂ ದೇಶದಾದ್ಯಂತ ಇವೆ. ನಿಮಗೆ ಬೇಡವಾದರೂ ಫೋನಿನಲ್ಲಿ ಇರಲಿ. ಪಕ್ಕದ ಫ್ಲಾಟಿನವಳಿಗೆ ಬೇಕಾಗಬಹುದು.

ಹಿಂಸೆಯೂ ಇಲ್ಲ, ದೊಡ್ಡ ಪೆಟ್ಟೂ ಇಲ್ಲ, ಆದರೂ ಮೂಳೆ ಮುರಿಯಿತು. ಹಾಗೂ ಆಗುತ್ತದೆ. ಆಗ ಮೂಳೆಯೇ ದುರ್ಬಲವಾಗಿರಬಹುದು. ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾ ಎಂಬ ಒಂದು ಹುಟ್ಟು ಕಾಯಿಲೆಯಲ್ಲಿ ಮೂಳೆಗೆ ಬಲ ಕೊಡುವ ಕೊಲಾಜೆನ್ ಸರಿಯಾಗಿ ತಯಾರಾಗುವುದಿಲ್ಲ. ಡೈಪರ್ ಬದಲಿಸುವಾಗಲೂ ಮುರಿಯಬಹುದು. ಕೆಲವು ಮಕ್ಕಳಿಗೆ ಕಣ್ಣಿನ ಬಿಳಿಭಾಗ ನೀಲಿಯಾಗಿ ಕಾಣುತ್ತದೆ. ಇಂಥ ಮಕ್ಕಳ ಅಪ್ಪ ಅಮ್ಮಂದಿರು ಸುಳ್ಳು ಆರೋಪ ಹೊತ್ತದ್ದೂ ಇದೆ. ಮೂಳೆ ಗಟ್ಟಿಯಾಗಿಸುವ ಔಷಧಿಗಳು ಈಗ ಇವೆ, ಆದ್ದರಿಂದ ಕಾಯಿಲೆ ಪತ್ತೆಯಾಗುವುದು ಮುಖ್ಯ. ಸೆರೆಬ್ರಲ್ ಪಾಲ್ಸಿಯಿಂದ ನಡೆಯಲಾಗದ ಮಕ್ಕಳಿಗೆ, ಭಾರ ಹೊರದ ಮೂಳೆ ತೆಳುವಾಗಿ, ಬಟ್ಟೆ ತೊಡಿಸುವಾಗ ಮುರಿದದ್ದುಂಟು. ಇನ್ನು ಕೆಲವು ಮಕ್ಕಳ ಮೂಳೆಯೊಳಗೆ ನೀರು ತುಂಬಿದ ಗುಳ್ಳೆ ಬೆಳೆದಿರುತ್ತದೆ. ನೋವಿರುವುದಿಲ್ಲ, ಗೊತ್ತಾಗುವುದಿಲ್ಲ. ಒಂದು ದಿನ ಆಡುವಾಗ ಸಣ್ಣದಾಗಿ ಬಿದ್ದು ಮುರಿದಾಗಲೇ ಎಕ್ಸ್‌ರೇಯಲ್ಲಿ ಕಾಣುತ್ತದೆ.

ವಿಟಮಿನ್ ಡಿ ವಿಷಯ ನೀವೇ ಕೇಳುತ್ತೀರಿ, ಗೊತ್ತು. ತೀರಾ ಕಡಿಮೆಯಾಗಿ ರಿಕೆಟ್ಸ್ ಬಂದರೆ ಮೂಳೆ ಮೆತ್ತಗಾಗಿ ಕಾಲು ಬಾಗುತ್ತದೆ, ಮುರಿಯುವುದೂ ಸುಲಭ. ಎದೆಹಾಲಿನಲ್ಲಿ ಎಲ್ಲ ಇದ್ದರೂ ವಿಟಮಿನ್ ಡಿ ಸಾಕಷ್ಟು ಇರುವುದಿಲ್ಲ. ಅದಕ್ಕೇ ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ, ಮೊದಲ ವರ್ಷ ದಿನಕ್ಕೆ 400 ಯೂನಿಟ್ ಹನಿ ಹಾಕಿ ಎನ್ನುತ್ತದೆ. ಮೂರು ತಿಂಗಳಾದ ಮೇಲೆ ಬಾಟಲು ಫ್ರಿಜ್ಜಿನ ಹಿಂದೆ ಸೇರಿಬಿಡುತ್ತದೆ, ಹಾಗೆ ಆಗದಿರಲಿ. ಆದರೆ ಮೂಳೆ ಮುರಿದ ಪ್ರತಿ ಮಗುವಿಗೂ “ಕ್ಯಾಲ್ಸಿಯಂ ಕಡಿಮೆ, ಹಾಲು ಕುಡಿಸಿಲ್ಲ” ಎಂದು ತಾಯಿಯನ್ನು ಹಿಡಿಯುವುದು ಬೇಡ. ಓಡಾಡುವ ಆರೋಗ್ಯವಂತ ಮಗುವಿನ ಮೂಳೆಯೂ ಮುರಿಯುತ್ತದೆ.

ಎಣ್ಣೆನೀರಿನ ಬಗ್ಗೆ ಒಂದು ಮಾತು. ಕೂಸಿಗೆ ಎಣ್ಣೆ ಹಚ್ಚಿ ಎರೆಯುವುದು ನನಗೂ ಇಷ್ಟ, ನನ್ನ ಮಗನಿಗೂ ಒಂದು ವರ್ಷ ಮಾಡಿಸಿದ್ದೇನೆ. ಆದರೆ ಕಾಲು ಹಿಡಿದು ತಲೆಕೆಳಗೆ ತೂಗುವುದು, ಕಾಲನ್ನು ಜಗ್ಗಿ ತಿರುವುವುದು ಬೇಡವೇ ಬೇಡ. ಕೈಕಾಲು ಗಟ್ಟಿಯಾಗಲಿ ಎಂದು ಹಿಂದಿನವರು ಮಾಡುತ್ತಿದ್ದರು ನಿಜ. ಅದರಿಂದ ಗಟ್ಟಿಯಾಗುವುದಿಲ್ಲ.

ಇನ್ನು ರಸ್ತೆ. ರಸ್ತೆ ದಾಟುವ ದೊಡ್ಡವರಿಗೆ ಕಾರು ಗುದ್ದಿದರೆ ಬಂಪರ್ ತಗಲುವುದು ಮಂಡಿಯ ಕೆಳಗೆ. ಅದೇ ಬಂಪರ್ ಆರು ವರ್ಷದ ಮಗುವಿನ ತೊಡೆಗೆ ತಗಲುತ್ತದೆ. ಹಾಗಾಗಿ ಮಕ್ಕಳಲ್ಲಿ ತೊಡೆ ಮೂಳೆ. ಆಮೇಲೆ ಎದೆ ಹೊಟ್ಟೆಗೆ ಪೆಟ್ಟು, ಎಸೆಯಲ್ಪಟ್ಟು ತಲೆಗೆ ಪೆಟ್ಟು, ಮೂರೂ ಒಟ್ಟಿಗೆ ಬರಬಹುದು. ರಸ್ತೆಯಲ್ಲಿ ತೊಡೆ ಮುರಿದ ಮಗುವಿನ ತಲೆ, ಹೊಟ್ಟೆಯನ್ನೂ ಡಾಕ್ಟರು ನೋಡುವುದು ಇದಕ್ಕೆ.

ನಮ್ಮ ಸ್ಕೂಟರ್ ಸವಾರಿ ನೋಡಿ. ಮುಂದೆ ಒಂದು ಮಗು ನಿಂತಿದೆ, ನಡುವೆ ಒಂದು ಮಲಗಿದೆ, ಅಪ್ಪನಿಗೆ ಮಾತ್ರ ಹೆಲ್ಮೆಟ್. ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಗುವನ್ನು ದ್ವಿಚಕ್ರ ವಾಹನದಲ್ಲಿ ಕೂರಿಸಿದರೆ ಸವಾರನಿಗೆ ಕಟ್ಟುವ ಸುರಕ್ಷಾ ಪಟ್ಟಿ, ಮಗುವಿನ ಅಳತೆಯ ಹೆಲ್ಮೆಟ್ ಇರಬೇಕು, ವೇಗ ಗಂಟೆಗೆ 40 ಕಿ.ಮೀ. ದಾಟಬಾರದು ಎಂದು ಕೇಂದ್ರ ಸರ್ಕಾರ 2022ರಲ್ಲಿ ನಿಯಮ ಮಾಡಿತು. ಅದು 2023ರ ಫೆಬ್ರವರಿ 15ರಿಂದ ಜಾರಿಯಲ್ಲಿದೆ. ಆ ಪಟ್ಟಿ ಕಟ್ಟಿದ ಮಗುವನ್ನು ನಾನು ಈ ಊರಿನಲ್ಲಿ ನೋಡಿದ್ದು ಬೆರಳೆಣಿಕೆಯಷ್ಟು ಸಲ. ಶಾಲೆಯ ಆಟೋದಲ್ಲಿ ಕಾಲು ಹೊರಗಿಟ್ಟು ಕೂರುವ ಮಕ್ಕಳ ಬಗ್ಗೆ ಬೇರೆ ಹೇಳಬೇಕಾಗಿಲ್ಲ. ಇನ್ನು ಹದಿನಾರಕ್ಕೆ ಬೈಕಿನ ಕೀಲಿ ಕೊಡುವ ಅಪ್ಪಂದಿರು: 2019ರ ತಿದ್ದುಪಡಿಯ ಪ್ರಕಾರ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಅದೂ ಮಗನಿಗಲ್ಲ, ಪೋಷಕರಿಗೆ. ಹಿಂದಿನ ಸಾಲಿನವರು ದಯವಿಟ್ಟು ಕೇಳಿಸಿಕೊಳ್ಳಿ.

ಸಂಕ್ರಾಂತಿ ಬಂದರೆ ಹೈದರಾಬಾದಿನಲ್ಲಿ ಮಾಳಿಗೆಯ ಮೇಲೆಲ್ಲ ಗಾಳಿಪಟ. ಮೇಲೆ ನೋಡುತ್ತಾ ಹಿಂದೆ ಹಿಂದೆ ಹೋಗುವ ಮಕ್ಕಳು. ಇಲ್ಲಿಯೂ ‘ಯಾರು ನೋಡಿಕೊಳ್ಳುತ್ತಿದ್ದರು’ ಎಂದು ಕೇಳುವುದಕ್ಕಿಂತ ‘ಮೋಟುಗೋಡೆ ಎಷ್ಟು ಎತ್ತರ ಇತ್ತು’ ಎಂದು ಕೇಳುವುದು ಉಪಯೋಗಕ್ಕೆ ಬರುತ್ತದೆ. ನ್ಯೂಯಾರ್ಕ್ ನಗರದಲ್ಲಿ ಬಹುಮಹಡಿ ಮನೆಗಳ ಕಿಟಕಿಯಿಂದ ಮಕ್ಕಳು ಬೀಳುವುದು ಬಹಳವಾಗಿತ್ತು. ಅಮ್ಮಂದಿರಿಗೆ ಬುದ್ಧಿ ಹೇಳಿ ಸುಮ್ಮನಾಗದೆ, ಹತ್ತು ವರ್ಷದೊಳಗಿನ ಮಕ್ಕಳಿರುವ ಮನೆಯ ಕಿಟಕಿಗಳಿಗೆ ಕಟ್ಟಡದ ಮಾಲೀಕರೇ ತಡೆಸರಳು ಹಾಕಿಸಬೇಕು ಎಂದು 1976ರಲ್ಲಿ ನಿಯಮ ಮಾಡಿದರು. ಬೀಳುವುದು ಬಹಳ ಕಡಿಮೆಯಾಯಿತು. ನಮ್ಮ ಅಪಾರ್ಟ್‌ಮೆಂಟಿನ ಸಭೆಯಲ್ಲಿ ನಾನು ಇದನ್ನೇ ಹೇಳಿದಾಗ, ಗ್ರಿಲ್ ಹಾಕಿದರೆ ಹೊರಗಿನ ನೋಟ ಕೆಡುತ್ತದೆ ಎಂದರು. ಎರಡು ಸಭೆ ಕಳೆದ ಮೇಲೆ ಮೆಟ್ಟಿಲ ಕಿಟಕಿಗಳಿಗೆ ಮಾತ್ರ ಒಪ್ಪಿದರು.

ಮಗು ಬಿದ್ದು ತೊಡೆ ಮುರಿದಿದೆ ಎಂದು ಹೇಗೆ ಗೊತ್ತಾಗುತ್ತದೆ? ಆ ಕಾಲನ್ನು ಅಲ್ಲಾಡಿಸುವುದಿಲ್ಲ, ಮುಟ್ಟಿದರೆ ಕಿರುಚುತ್ತದೆ, ತೊಡೆ ಊದುತ್ತದೆ, ಕಾಲು ಹೊರಕ್ಕೆ ತಿರುಗಿ ಗಿಡ್ಡವಾದಂತೆ ಕಾಣಬಹುದು. ಎದ್ದು ನಿಲ್ಲಿಸಿ ಪರೀಕ್ಷೆ ಮಾಡಬೇಡಿ. ಎಣ್ಣೆ ಹಚ್ಚಿ ತಿಕ್ಕಬೇಡಿ, ಎಳೆದು ನೆಟ್ಟಗೆ ಮಾಡಬೇಡಿ. ಎರಡು ಕಾಲಿನ ನಡುವೆ ಮಡಚಿದ ಟವೆಲ್ ಇಟ್ಟು, ಮುರಿದ ಕಾಲನ್ನು ಒಳ್ಳೆಯ ಕಾಲಿಗೆ ಸೇರಿಸಿ ದುಪಟ್ಟಾದಿಂದ ಹದವಾಗಿ ಕಟ್ಟಿ. ಹಲಗೆಯ ಮೇಲೆ ಮಲಗಿಸಿದರೆ ಇನ್ನೂ ಒಳ್ಳೆಯದು. ಎತ್ತರದಿಂದ ಬಿದ್ದಿದ್ದರೆ, ವಾಹನ ಗುದ್ದಿದ್ದರೆ ನೀವಾಗಿ ಎತ್ತದೆ 108ಕ್ಕೆ ಕರೆ ಮಾಡಿ. ಅತ್ತಿತು ಎಂದು ಹಾಲು, ಬಿಸ್ಕತ್ತು ಕೊಡಬೇಡಿ. ಮಂಪರು ಕೊಡಬೇಕಾದರೆ ಹೊಟ್ಟೆ ಖಾಲಿ ಇರಬೇಕು.

ಪುತ್ತೂರು ಕಟ್ಟಿನ ವಿಷಯಕ್ಕೆ ಬರುತ್ತೇನೆ. ನಮ್ಮ ದಕ್ಷಿಣ ಕನ್ನಡದ ಪುತ್ತೂರಲ್ಲ, ಆಂಧ್ರದ ಪುತ್ತೂರು. ಆ ಹೆಸರಿನ ಬೋರ್ಡು ಈ ಊರಿನ ಎಲ್ಲ ಬಡಾವಣೆಯಲ್ಲೂ ಇದೆ. ನಮ್ಮ ಮನೆಯಲ್ಲೂ ಒಬ್ಬರು, ಪ್ಲಾಸ್ಟರ್ ಯಾಕೆ, ಕಟ್ಟು ಹಾಕಿಸೋಣ ಅಂದರು. ಡಾಕ್ಟರನ್ನೇ ಕೇಳಿದೆ. ಅವರು ನಗಲಿಲ್ಲ, ಬೈಯಲೂ ಇಲ್ಲ. “ಮಕ್ಕಳ ಮೂಳೆ ಕಟ್ಟು ಹಾಕಿದರೂ ಕೂಡುತ್ತದೆ. ಕೂಡುವುದು ಮಗುವಿನ ಮೂಳೆಯ ಗುಣ. ಹೇಗೆ ಕೂಡಿತು ಎನ್ನುವುದು ಪ್ರಶ್ನೆ” ಅಂದರು. ಎಕ್ಸ್‌ರೇ ನೋಡದೆ ಬಿಗಿದರೆ ಮೂಳೆ ಸೊಟ್ಟಗೆ ಕೂಡಬಹುದು. ಅದಕ್ಕಿಂತ ದೊಡ್ಡ ಭಯ, ಊದುತ್ತಿರುವ ಕಾಲಿಗೆ ಬಿಗಿ ಕಟ್ಟು ಬಿದ್ದು ರಕ್ತ ಹರಿಯುವುದು ನಿಂತು, ಮಾಂಸ ಸತ್ತು, ಕಾಲನ್ನೇ ಕಳೆದುಕೊಳ್ಳುವುದು. ಇದು ಸುಮ್ಮನೆ ಹೆದರಿಸಲು ಹೇಳುವ ಮಾತಲ್ಲ, ನಮ್ಮ ದೇಶದ ವೈದ್ಯರು ಇಂಥವನ್ನು ಕಂಡು ಬರೆದಿದ್ದಾರೆ. ಕಟ್ಟು ಆಗಲಿ, ಆಸ್ಪತ್ರೆಯ ಪ್ಲಾಸ್ಟರೇ ಆಗಲಿ, ಕಾಲ್ಬೆರಳು ನೀಲಿಯಾದರೆ, ತಣ್ಣಗಾದರೆ, ಬೆರಳು ಅಲ್ಲಾಡಿಸಿದಾಗ ವಿಪರೀತ ನೋವಾದರೆ ಅರ್ಧ ರಾತ್ರಿಯಾದರೂ ಹೊರಡಿ.

ಚಿಕಿತ್ಸೆಯೂ ವಯಸ್ಸಿನ ಮೇಲೆ. ಆರು ತಿಂಗಳೊಳಗೆ ಬಟ್ಟೆಯ ಪಟ್ಟಿ ಅಥವಾ ದಬ್ಬೆ. ಐದು ವರ್ಷದವರೆಗೆ ಹೆಚ್ಚಾಗಿ ಪ್ಲಾಸ್ಟರ್. ಐದರಿಂದ ಹನ್ನೊಂದರವರೆಗೆ ಮೂಳೆಯೊಳಗೆ ಬಾಗುವ ತೆಳ್ಳಗಿನ ಟೈಟಾನಿಯಂ ಸರಳು. ಫ್ರಾನ್ಸಿನ ನಾನ್ಸಿ ನಗರದ ವೈದ್ಯರು ಬಳಕೆಗೆ ತಂದ ವಿಧಾನ ಅದು. ಅದಕ್ಕಿಂತ ದೊಡ್ಡವರಿಗೆ ಗಟ್ಟಿ ಸರಳು ಅಥವಾ ಪ್ಲೇಟು. ತೊಡೆ ಮೂಳೆಯ ಎರಡು ತುದಿಯಲ್ಲೂ ಬೆಳೆಯುವ ಜಾಗ, ಗ್ರೋತ್ ಪ್ಲೇಟ್ ಇರುತ್ತದೆ. ಸರಳು ಹಾಕುವಾಗ ಅದನ್ನು ಮುಟ್ಟದಂತೆ ಹಾಕಬೇಕು. ಮುರಿತವೇ ಆ ಜಾಗದಲ್ಲಿ ಆಗಿದ್ದರೆ ಕಾಲು ಗಿಡ್ಡವಾಗುವ, ಸೊಟ್ಟಗಾಗುವ ಸಾಧ್ಯತೆ ಇರುತ್ತದೆ. ಅಂಥ ಮಗುವನ್ನು ವರ್ಷಗಟ್ಟಲೆ ತೋರಿಸುತ್ತಿರಬೇಕು.

ನಮ್ಮ ಮಗನಿಗೆ ಹಾಕಿದ್ದು ಸ್ಪೈಕಾ ಪ್ಲಾಸ್ಟರ್. ಎದೆಯ ಕೆಳಗಿನಿಂದ ಶುರುವಾಗಿ ಬಲಗಾಲಿನ ಪಾದದ ಗಂಟಿನವರೆಗೆ, ಎಡಗಾಲಿಗೆ ಮಂಡಿಯವರೆಗೆ, ನಡುವೆ ಒಂದು ಅಡ್ಡ ಕೋಲು. ಮೊದಲ ಸಲ ನೋಡಿದಾಗ ಎದೆ ಧಸಕ್ಕೆಂದಿತು. ಮನೆಗೆ ತಂದ ಮೊದಲ ರಾತ್ರಿ ಯಾರೂ ನಿದ್ದೆ ಮಾಡಲಿಲ್ಲ. ಇದನ್ನು ಯಾರೂ ಮುಂಚೆ ಹೇಳಿಕೊಡುವುದಿಲ್ಲವಾದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಅಡ್ಡ ಕೋಲನ್ನು ಹಿಡಿದು ಮಗುವನ್ನು ಎತ್ತಬಾರದು, ಅದು ಹಿಡಿಯಲ್ಲ, ಕಿತ್ತುಬರುತ್ತದೆ. ಡೈಪರ್ ಎರಡು ಬೇಕು: ಸಣ್ಣ ಅಳತೆಯದನ್ನು ಪ್ಲಾಸ್ಟರಿನ ಕಿಂಡಿಯ ಅಂಚಿನೊಳಗೆ ತೂರಿಸಿ, ದೊಡ್ಡದನ್ನು ಹೊರಗಿನಿಂದ ಹಾಕಿ, ಒದ್ದೆಯಾದ ಕೂಡಲೇ ಬದಲಿಸಿ. ಎರಡು ಮೂರು ಗಂಟೆಗೊಮ್ಮೆ ಮಗ್ಗುಲು ತಿರುಗಿಸಿ. ತುರಿಕೆ ಎಂದು ಸ್ಕೇಲು, ಬಾಚಣಿಗೆ ಒಳಗೆ ಹಾಕಬೇಡಿ. ಹೇರ್ ಡ್ರೈಯರಿನ ತಣ್ಣನೆ ಗಾಳಿ ಬಿಡಿ. ಊಟ ಸ್ವಲ್ಪ ಸ್ವಲ್ಪವೇ ಕೊಡಿ, ಹೊಟ್ಟೆ ಉಬ್ಬಿದರೆ ಪ್ಲಾಸ್ಟರ್ ಬಿಗಿಯುತ್ತದೆ. ನಾವು ಬೀನ್ ಬ್ಯಾಗಿನ ಮೇಲೆ ಒರಗಿಸಿ ಬಾಲ್ಕನಿಯಲ್ಲಿ ಕೂರಿಸುತ್ತಿದ್ದೆವು. ನಾನು ಎರಡು ವಾರ ರಜೆ, ನಾಲ್ಕು ವಾರ ಮನೆಯಿಂದ ಕೆಲಸ. ನಮ್ಮೆಜಮಾನರು ರಾತ್ರಿಯ ಪಾಳಿ, ಅಂದರೆ ಮಗನ ಪಾಳಿ. ಅತ್ತೆಯವರು ಹಗಲೆಲ್ಲ ಕಥೆ ಹೇಳಿದರು. ಆ ಆರು ವಾರದಲ್ಲಿ ನನ್ನ ಮಗ ಕಲಬುರಗಿಯ ಕನ್ನಡ ಪೂರ್ತಿ ಕಲಿತುಬಿಟ್ಟ.

ಮೂರನೇ ವಾರದ ಎಕ್ಸ್‌ರೇ ನೋಡಿ ಮತ್ತೆ ಒಂದು ಗಲಾಟೆ. ಮೂಳೆಯ ಎರಡು ತುದಿ ಎದುರುಬದುರು ಕೂತಿರಲಿಲ್ಲ, ಒಂದರ ಪಕ್ಕ ಒಂದು ಸುಮಾರು ಒಂದು ಸೆಂಟಿಮೀಟರ್ ಜಾರಿಕೊಂಡಿದ್ದವು. ಫೋಟೋ ನಮ್ಮ ಬಂಧುಗಳ ಗುಂಪಿಗೆ ಹೋಯಿತು. “ಅಡ್ಡಾದಿಡ್ಡಿ ಕೂರಿಸಿದ್ದಾರೆ, ಮಗು ಕುಂಟನಾಗುತ್ತದೆ, ಆಸ್ಪತ್ರೆ ಬದಲಿಸಿ” ಎಂದು ಒಂದೇ ಸಮನೆ ಸಂದೇಶಗಳು. ಡಾಕ್ಟರು ವಿವರಿಸಿದರು: ಎರಡರಿಂದ ಹತ್ತು ವರ್ಷದ ಮಕ್ಕಳಲ್ಲಿ ಮುರಿದ ತೊಡೆ ಮೂಳೆಗೆ ರಕ್ತ ಹೆಚ್ಚು ಹರಿದು, ಮುಂದಿನ ಒಂದೆರಡು ವರ್ಷ ಅದು ಇನ್ನೊಂದು ಕಾಲಿಗಿಂತ ಬೇಗ ಬೆಳೆಯುತ್ತದೆ. ಹೆಚ್ಚುಕಡಿಮೆ ಒಂದು ಸೆಂಟಿಮೀಟರಿನಷ್ಟು. ಹಾಗಾಗಿ ಸ್ವಲ್ಪ ಗಿಡ್ಡವಾಗಿ ಕೂಡಲು ಬಿಡುತ್ತಾರೆ, ಬೆಳೆದು ಸಮವಾಗುತ್ತದೆ. ಸರಿಯಾಗಿ ತುದಿಗೆ ತುದಿ ಕೂರಿಸಿದ್ದರೆ ಆ ಕಾಲೇ ಉದ್ದವಾಗಿಬಿಡುತ್ತಿತ್ತು! ಇಂಜಿನಿಯರ್ ಆದ ನನಗೆ ಇದು ಬಹಳ ಹಿಡಿಸಿತು. ಮುಂದೆ ಆಗುವುದನ್ನು ಲೆಕ್ಕ ಹಾಕಿ ಇವತ್ತು ಬೇಕೆಂದೇ ಕಡಿಮೆ ಇಡುವುದು. ಬಂಧುಗಳಿಗೆ ಹಿಡಿಸಿತೋ ಇಲ್ಲವೋ, ಗುಂಪು ಸುಮ್ಮನಾಯಿತು.

ಪ್ಲಾಸ್ಟರ್ ಬಿಚ್ಚಿದ ದಿನ ಅವನು ನಡೆಯಲಿಲ್ಲ. ಅದು ಸಹಜ, ಯಾರೂ ಎಬ್ಬಿಸಿ ನಿಲ್ಲಿಸಬೇಡಿ ಎಂದಿದ್ದರು. ಮೊದಲು ಕೂತು ಜರುಗಿದ, ಆಮೇಲೆ ತೆವಳಿದ, ಹನ್ನೊಂದನೇ ದಿನ ಸೋಫಾ ಹಿಡಿದು ಎದ್ದ. ಎರಡು ಮೂರು ತಿಂಗಳು ಕುಂಟಿದ. ಸಣ್ಣ ಮಕ್ಕಳಿಗೆ ಹೆಚ್ಚಾಗಿ ಫಿಸಿಯೋಥೆರಪಿ ಬೇಕಾಗುವುದಿಲ್ಲ, ಆಟವೇ ಸಾಕು. ಈಗ ಅವನಿಗೆ ಆರು ವರ್ಷ. ಎರಡು ಕಾಲಿನ ಉದ್ದ ಪ್ರತಿ ವರ್ಷ ಅಳತೆ ಮಾಡಿಸುತ್ತೇವೆ. ಕಳೆದ ಸಲ ವ್ಯತ್ಯಾಸ ಅರ್ಧ ಸೆಂಟಿಮೀಟರಿಗಿಂತ ಕಡಿಮೆ ಇತ್ತು.

ಹತ್ತು ನಿಮಿಷ ಪ್ರಶ್ನೆಗಳಿಗೆ ಇದೆ ಎಂದಿದ್ದಾರೆ. ಸಭೆಯಲ್ಲಿ ಕೇಳಲು ಸಂಕೋಚವಾಗುವ ಪ್ರಶ್ನೆಯಿದ್ದರೆ, ಊಟದ ಹೊತ್ತಿಗೆ ನಾನು ಎಡಗಡೆಯ ಕೊನೆಯ ಮೇಜಿನಲ್ಲಿ ಇರುತ್ತೇನೆ. ಪಕ್ಕದಲ್ಲಿ ನಮ್ಮ ಅತ್ತೆಯವರೂ ಇರುತ್ತಾರೆ. ಸ್ಪೈಕಾ ಹಾಕಿದ ಮಗುವಿಗೆ ತಲೆಸ್ನಾನ ಮಾಡಿಸುವುದು ಹೇಗೆ ಎನ್ನುವುದನ್ನು ಅವರನ್ನೇ ಕೇಳಿ, ನನಗಿಂತ ಚೆನ್ನಾಗಿ ಹೇಳುತ್ತಾರೆ.